ಎರಡಕ್ಷರ ಬರೆಯಲಾಗದೆ

ಮಗಳೇ,

‘ಚಿ. ಸೌ.’ ಎಂದು ಬರೆದೆ, ಕೈ ನಿಂತಿತು. ಕೋರ್ಟಿನ ಕಾಗದ ಬಂದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಪತ್ರ. ಹೊಡೆದುಹಾಕಿದರೆ ನಿನಗೆ ನೋವು, ಬಿಟ್ಟರೆ ಸುಳ್ಳು. ಬೇರೆ ಹಾಳೆ ತೆಗೆದುಕೊಂಡೆ.

ಅಂದು ರಾತ್ರಿ ಸಿಟ್ಟಿನಲ್ಲಿ ನೀನು ಬಿಟ್ಟುಹೋದ ‘ದಿ ಸ್ಕಾರ್ಲೆಟ್ ಲೆಟರ್’ ಓದಿ ಮುಗಿಸಿದೆ, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಹದಿನೆಂಟು ದಿನ. ಕಥೆಯನ್ನು ನಿನಗೆ ಹೇಳಬೇಕಾಗಿಲ್ಲ. ಹೊಲಿಗೆಯವಳ ಕಣ್ಣಿಗೆ ಬಿದ್ದದ್ದನ್ನಷ್ಟೇ ಕೇಳು. ಹಾದರ ಮಾಡಿದಳೆಂದು ಊರವರು ಹೆಸ್ಟರಳ ಎದೆಯ ಮೇಲೆ ತೊಡಿಸಿದ ‘ಎ’ ಅಕ್ಷರ ಕೆಂಪು ಬಟ್ಟೆಯದು, ಸುತ್ತ ಚಿನ್ನದೆಳೆಯ ಕಸೂತಿ. ಅಂಥದ್ದು ಕೂತ ಕೂತಲ್ಲೇ ಆಗುವ ಕೆಲಸವಲ್ಲ. ಸೆರೆಮನೆಯ ಮಬ್ಬಿನಲ್ಲಿ, ಎಳೆಗೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಹೊಲಿದಿರಬೇಕು. ಅವಮಾನಕ್ಕೆಂದು ಕೊಟ್ಟ ಬಟ್ಟೆಗೆ ಯಾಕಮ್ಮ ಅಷ್ಟು ಚೆಂದದ ಕೆಲಸ?

ಆಮೇಲೆ ಅದೇ ಬಾಸ್ಟನ್ನಿನ ಜನ ಅವಳ ಕೈಯಲ್ಲೇ ಹೊಲಿಸಿಕೊಳ್ಳುತ್ತಾರೆ. ಗವರ್ನರನ ಕೊರಳಪಟ್ಟಿ, ಕೂಸಿನ ಟೊಪ್ಪಿಗೆ, ಹೆಣದ ಬಟ್ಟೆ ಕೂಡ. ಮದುಮಗಳ ಮುಸುಕು ಮಾತ್ರ ಒಮ್ಮೆಯೂ ಇಲ್ಲ. ಆ ಸಾಲಿನ ಕೆಳಗೆ ನೀನು ಹಾಳೆ ಹರಿಯುವಷ್ಟು ಒತ್ತಿ ಪೆನ್ಸಿಲಿನ ಗೀಟು ಎಳೆದಿದ್ದೀಯೆ.

ಚಿಕ್ಕಮ್ಮನ ಮಗಳ ಧಾರೆಯ ರವಿಕೆಗೆ ವಾರವಿಡೀ ಕೂತು ಜರಿ ಕೆಲಸ ಮಾಡಿದವಳು ನೀನು. ಬಂದವರೆಲ್ಲ ತೋಳು ಹಿಡಿದು ನೋಡುವಾಗ ನನ್ನ ಮಗಳದ್ದು ಎಂದು ಹೇಳಿಕೊಂಡು ತಿರುಗಿದೆ. ಒಂದು ಗಂಟೆಯೂ ಆಗಿರಲಿಲ್ಲ, ಆರತಿ ತಟ್ಟೆ ನಿನ್ನ ಕೈಯಿಂದ ತೆಗೆದುಕೊಂಡೆ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಮಗಳೇ. ನನ್ನನ್ನು ತಿನ್ನುತ್ತಿರುವುದು ಅದೇ. ಯಾರಾದರೂ ಅಂದಾರು ಎಂದು ನಾನೇ ಮೊದಲು ಕೈ ಚಾಚಿದೆ. ನೀನು ತಟ್ಟೆಯನ್ನು ಒಂದು ಗಳಿಗೆ ಬಿಡಲಿಲ್ಲ. ನಾನು ಎಳೆದೆ. ಎಷ್ಟು ಸಲ ನೆನೆದರೂ ಎಳೆದದ್ದು ನಾನೇ.

ಹೆಸ್ಟರ್ ಹೊರಬರುವುದನ್ನು ಕಾಯುತ್ತ ಸೆರೆಮನೆಯ ಬಾಗಿಲ ಮುಂದೆ ಐವತ್ತರ ಬಿರುಸು ಮುಖದವಳೊಬ್ಬಳಿದ್ದಾಳೆ. ತೀರ್ಪು ಹೆಂಗಸರಾದ ನಮ್ಮ ಕೈಗೆ ಬಂದಿದ್ದರೆ ಇವಳು ಇಷ್ಟಕ್ಕೆ ಪಾರಾಗುತ್ತಿದ್ದಳೇ ಎನ್ನುತ್ತಾಳೆ. ಅವಳಿಗೆ ಲೇಖಕರು ಹೆಸರಿಟ್ಟಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದೆ.

ಇದನ್ನು ಬರೆದ ಹಾಥಾರ್ನ್ ಅವರ ಪೂರ್ವಜರೊಬ್ಬರು ಅಮೆರಿಕದ ಸೇಲಂನಲ್ಲಿ ನಡೆದ 1692ರ ಮಾಟಗಾತಿ ವಿಚಾರಣೆಯಲ್ಲಿ ನ್ಯಾಯಾಧೀಶರಂತೆ. 1850ರಲ್ಲಿ ಈ ಪುಸ್ತಕದ ಮೊದಲಿಗೇ, ಹಿರಿಯರ ನಾಚಿಕೆಯನ್ನು ತಾವು ಹೊರುತ್ತೇವೆ ಎಂದು ಬರೆದುಕೊಂಡಿದ್ದಾರೆ. ನನ್ನದನ್ನು ನೀನು ಹೊರುವುದು ಬೇಡ. ನಾನಿನ್ನೂ ಇದ್ದೇನೆ.

ಇನ್ನೊಂದು. ಹೆಸ್ಟರಳ ಕೂಸಿಗೆ ತಂದೆ ತಾನೆಂದು ಬಾಯಿಬಿಡದ ಪಾದ್ರಿ ಡಿಮ್ಸ್‌ಡೇಲ್ ಏಳು ವರ್ಷ ಎದೆಯ ಮೇಲೆ ಕೈಯಿಟ್ಟುಕೊಂಡೇ ಸೊರಗಿದ. ನೀನೂ ಒಳಗೇ ಇಟ್ಟುಕೊಳ್ಳುವವಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ಮಧ್ಯರಾತ್ರಿಯವರೆಗೆ ಮೊಬೈಲ್ ಹಿಡಿದು ಕೂರಬೇಡ. ಕೇಳಿದವರಿಗೆಲ್ಲ ಕಾರಣ ಹೇಳುತ್ತಾ ಹೋಗಬೇಡ, ಆದರೆ ಒಬ್ಬರ ಹತ್ತಿರವಾದರೂ ಹೇಳಿಕೋ. ಹಠ ಒಳ್ಳೆಯದಲ್ಲ, ಹೆಣ್ಣುಮಕ್ಕಳು... ನೋಡು, ಮತ್ತೆ ಶುರುವಾಯಿತು ನನ್ನದು.

ತಪ್ಪಾಯಿತು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ನಿನ್ನ ಸೀರೆಯ ಸೆರಗಿಗೆ ಅಂದು ಆರತಿ ನೀರು ಚೆಲ್ಲಿತ್ತಲ್ಲ, ಅಂಗೈಯಗಲ ಕಲೆ. ನಿಂಬೆರಸ ಹಚ್ಚಿದೆ. ಕೆಂಪು ಹೋಯಿತು, ಅರಿಸಿನದ ಹಳದಿ ಉಳಿದುಬಿಟ್ಟಿತು. ಮೇಲೊಂದು ಜರಿಯ ಹೂವು ಹಾಕೋಣವೆಂದು ಸೂಜಿಗೆ ದಾರ ಪೋಣಿಸಿದವಳು ಹಾಗೇ ಇಟ್ಟಿದ್ದೇನೆ. ಸೀರೆ ನಿನ್ನದು. ಹೂವು ಹಾಕಲೋ ಬೇಡವೋ, ತಿಳಿಸು.

ಇಂತಿ,
ಅಮ್ಮ