ಮೊದಲು ಆ ಇಮೋಜಿ ಕತೆ ಬರೆ

ಪ್ರೀತಿಯ ತಂಗಿ,

ನಿನ್ನ ಪತ್ರ ಎರಡು ಸಲ ಓದಿದೆ. ಬ್ಲಾಗ್ ಶುರು ಮಾಡಬೇಕೆಂದು ಆರು ತಿಂಗಳಿಂದ ಅಂದುಕೊಳ್ಳುತ್ತಿದ್ದೀಯ. ಸೈಟ್ ಕಟ್ಟಿಕೊಡುವ ಸಾಧನಗಳಲ್ಲಿ ಜೆಕಿಲ್ ಒಳ್ಳೆಯದಾ, ಹ್ಯೂಗೋ ಒಳ್ಳೆಯದಾ ಎಂದು ಕೇಳಿದ್ದೀಯ. ಸೈಟಿನ ನೋಟ ತೀರ್ಮಾನಿಸುವ ಥೀಮ್ ಕೂಡ ನೀನೇ ಕೋಡ್ ಮಾಡುತ್ತಿದ್ದೀಯಂತೆ.

ಎರಡೂ ಒಳ್ಳೆಯವೇ. ಸರಳ ಗುರುತು ಹಾಕಿ ಬರೆದ ಮಾರ್ಕ್‌ಡೌನ್ ಫೈಲ್ ಕೊಟ್ಟರೆ ಎರಡೂ ಅದನ್ನು ಎಚ್‌ಟಿಎಂಎಲ್, ಅಂದರೆ ವೆಬ್ ಪುಟ, ಮಾಡಿಕೊಡುತ್ತವೆ. ಇವತ್ತು ಸಂಜೆಯೊಳಗೆ ಒಂದನ್ನು ಆರಿಸಿಕೊ, ಸಿದ್ಧ ಥೀಮ್ ಹಾಕು, ಆ ಚರ್ಚೆ ಅಲ್ಲಿಗೆ ಬಿಡು. ನಮ್ಮಂಥವರಿಗೆ ಕೋಡ್ ಸಲೀಸು, ವಾಕ್ಯ ಕಷ್ಟ. ಹಾಗಾಗಿ ಸೈಟ್ ಕಟ್ಟುತ್ತಲೇ ಇರುತ್ತೇವೆ, ಬರೆಯುವುದಿಲ್ಲ.

"ಎಲ್ಲಾ ಡಾಕ್ಯುಮೆಂಟೇಷನ್‌ನಲ್ಲೇ ಇದೆ, ನಾನೇನು ಬರೆಯಲಿ?" ಎಂದಿದ್ದೀಯ. ಆದರೆ ಪತ್ರದ ಕೊನೆಯಲ್ಲಿ ಸುಮ್ನೆ ಮಾತಿಗೆ ಒಂದು ವಿಷಯ ಹೇಳಿದ್ದೀಯಲ್ಲ? ಡೇಟಾಬೇಸ್ ಟೇಬಲ್ಲಿನ ಹೆಸರಿನ ಕಾಲಮ್‌ನಲ್ಲಿ ಕನ್ನಡ ಸರಿಯಾಗಿ ಸೇವ್ ಆಗುತ್ತಿತ್ತು, ಯಾರೋ ನಗುಮುಖದ ಇಮೋಜಿ ಹಾಕಿದ ಕೂಡಲೇ ಎರರ್ ಬಂತು, ಎರಡು ದಿನ ಒದ್ದಾಡಿದೆ ಎಂದು. ಅದೇ ನಿನ್ನ ಮೊದಲ ಬರಹ.

ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಹಳೆಯ ಯುಟಿಎಫ್8 (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಪದ್ಧತಿ) ಒಂದು ಕ್ಯಾರೆಕ್ಟರ್‌ಗೆ ಹೆಚ್ಚೆಂದರೆ 3 ಬೈಟ್ ಕೊಡುತ್ತದೆ. ಕನ್ನಡದ 'ಕ'ಗೆ 3 ಬೈಟ್ ಸಾಕು. ಆ ನಗುಮುಖಕ್ಕೆ 4 ಬೇಕು. ಅದಕ್ಕೇ 2010ರಲ್ಲಿ 4 ಬೈಟ್‌ವರೆಗೂ ಕೊಡುವ ಯುಟಿಎಫ್8ಎಂಬಿ4 ಬಂತು. ಇಷ್ಟು ಡಾಕ್ಯುಮೆಂಟೇಷನ್‌ನಲ್ಲಿ ಇದೆ, ನಿಜ. ನೀನು ಮೊದಲು ಹೆಸರು ತುಂಬುವ ಫಾರ್ಮ್ ಮೇಲೆ ಅನುಮಾನ ಪಟ್ಟಿದ್ದು ಅಲ್ಲಿಲ್ಲ. ಟೇಬಲ್ಲನ್ನು ಹೊಸ ಪದ್ಧತಿಗೆ ಬದಲಿಸಿದ ಮೇಲೂ ಎರರ್ ಹೋಗಲಿಲ್ಲ, ಕಡೆಗೆ ನೋಡಿದರೆ ಪ್ರೋಗ್ರಾಮಿನಿಂದ ಡೇಟಾಬೇಸ್‌ಗೆ ಹೋಗುವ ಕನೆಕ್ಷನ್‌ನ ಕ್ಯಾರೆಕ್ಟರ್ ಸೆಟ್ ಹಳೆಯದೇ ಇತ್ತು ಅಲ್ವಾ? ಆ ಒದ್ದಾಟವೂ ಅಲ್ಲಿಲ್ಲ. ಇದೇ ಜಾಗದಲ್ಲಿ ಸಿಕ್ಕಿಬಿದ್ದು ರಾತ್ರಿ ಹನ್ನೊಂದಕ್ಕೆ ಹುಡುಕುತ್ತಿರುವವನಿಗೆ ಬೇಕಾಗಿರುವುದು ಆ ತಪ್ಪು ದಾರಿಗಳೇ. ಅವನ್ನು ನಾಚಿಕೆಯಿಂದ ಅಳಿಸಬೇಡ. ಎರರ್ ಮೆಸೇಜನ್ನು ಒಂದಕ್ಷರವೂ ಬದಲಿಸದೆ ಹಾಕು, ಅವನು ಹುಡುಕುವುದು ಅದನ್ನೇ. ಚಿತ್ರವಾಗಿ ಅಲ್ಲ, ಅಕ್ಷರವಾಗಿ. ಮೈಎಸ್‌ಕ್ಯೂಎಲ್‌ನ ವರ್ಷನ್ ನಂಬರ್, ಬರೆದ ತಾರೀಕು ಎರಡೂ ಇರಲಿ.

ಆಫೀಸಿನ ಕೋಡ್ ಹಾಗೇ ಎತ್ತಿ ಹಾಕಬೇಡ. ಗ್ರಾಹಕರ ಹೆಸರು, ಸರ್ವರ್ ವಿಳಾಸ, ಪಾಸ್‌ವರ್ಡ್ ಯಾವುದೂ ಬೇಡ. ಕೆಲಸಕ್ಕೆ ಸೇರುವಾಗ ಸಹಿ ಮಾಡಿದ ಕಾಗದದಲ್ಲಿ ಇದರ ಬಗ್ಗೆ ಏನಿದೆ ಎಂದು ಒಮ್ಮೆ ನೋಡು. ಒಂದೇ ಟೇಬಲ್, ಹತ್ತು ಸಾಲಿನ ಹೊಸ ಉದಾಹರಣೆ ಬರೆದು ಅದೇ ಎರರ್ ಬರುವಂತೆ ಮಾಡು. ಹಾಗೆ ಕಿರಿದು ಮಾಡುವಾಗಲೇ ಎಷ್ಟೋ ಸಲ ನನಗೆ ಅರ್ಥವಾಗಿರಲಿಲ್ಲ ಎಂಬುದು ಗೊತ್ತಾಗಿದೆ. ಬರೆಯುವುದರಿಂದ ನನಗೆ ಸಿಕ್ಕ ದೊಡ್ಡ ಲಾಭ ಇದೇ.

ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ? ಪಕ್ಕದ ಕುರ್ಚಿಯವರಿಗೆ ಯಾವ ಭಾಷೆಯಲ್ಲಿ ವಿವರಿಸುತ್ತೀಯೋ ಅದರಲ್ಲಿ. ಟೇಬಲ್ ಟೇಬಲ್ಲಾಗಿಯೇ ಇರಲಿ, ಅದಕ್ಕೆ ಸಂಸ್ಕೃತ ಹುಡುಕಬೇಡ.

ಇನ್ನೊಂದು ಮಾತು, ಇದು ಅನುಭವದಿಂದ. ನಾನು ಮೂರು ವರ್ಷ ಬರೆದದ್ದೆಲ್ಲ ಬೇರೆಯವರ ತಾಣದಲ್ಲಿತ್ತು. ಅದು ಬಾಗಿಲು ಹಾಕಿತು. ಪ್ರತಿ ಇಟ್ಟುಕೊಂಡಿರಲಿಲ್ಲ. ಇವತ್ತಿಗೂ ಕೆಲವು ಬರಹ ನೆನಪಾದರೆ ಹೊಟ್ಟೆ ಉರಿಯುತ್ತದೆ. ದೊಡ್ಡವರ ಮನೆಯೂ ಶಾಶ್ವತ ಅಲ್ಲ, ಗೂಗಲ್‌ನ ಸಾಮಾಜಿಕ ಜಾಲತಾಣ ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿದಾಗ ಜನ ಅಲ್ಲಿ ಬರೆದದ್ದೂ ಅಳಿಸಿಹೋಯಿತು. ಹಾಗಾಗಿ ಡೊಮೈನ್ (ಸೈಟಿನ ವಿಳಾಸ) ನಿನ್ನ ಹೆಸರಲ್ಲಿರಲಿ, ಬರಹಗಳು ಬರೀ ಟೆಕ್ಸ್ಟ್ ಫೈಲಾಗಿ ಬದಲಾವಣೆಗಳನ್ನೆಲ್ಲ ದಾಖಲಿಸುವ ಗಿಟ್‌ನಲ್ಲಿರಲಿ, ಒಂದು ಪ್ರತಿ ನಿನ್ನ ಲ್ಯಾಪ್‌ಟಾಪ್‌ನಲ್ಲಿ. ಒಮ್ಮೆ ಕೊಟ್ಟ ಲಿಂಕ್ ಬದಲಿಸಬೇಡ.

ವಾರಕ್ಕೊಂದು ಬರೆಯುತ್ತೇನೆ ಎಂದು ಈಗಲೇ ಮಾತು ಕೊಡಬೇಡ. ಇಮೋಜಿ ಕತೆ ಭಾನುವಾರದೊಳಗೆ ಮುಗಿಸು. ಹಾಕುವ ಮೊದಲು ಓದಿಸಬೇಕು ಅನ್ನಿಸಿದರೆ ನನಗೆ ಕಳಿಸು, ಅದೇ ರಾತ್ರಿ ಓದುತ್ತೇನೆ.

ಇಂತಿ,
ನಿನ್ನ ಅಣ್ಣ