ಭಾನುವಾರದ ಮೈಕ್ರೋಬಿಟ್ ತರಗತಿ: ಪೋಷಕರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10ರಿಂದ 12.30ರವರೆಗೆ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಮಕ್ಕಳ ಕೋಡಿಂಗ್ ತರಗತಿ ಇದೆ. ಈಗಾಗಲೇ ಹೆಸರು ಕೊಟ್ಟಿರುವ 5ರಿಂದ 8ನೇ ತರಗತಿಯ ಮಕ್ಕಳಿಗೆ ಮಾತ್ರ.

ಈ ಸಲ ಮಕ್ಕಳು ಹೆಜ್ಜೆ ಎಣಿಸುವ ಸಾಧನ ಮಾಡುತ್ತಾರೆ. ಮೈಕ್ರೋಬಿಟ್ ಅಂದರೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಬೋರ್ಡ್. ಅದರಲ್ಲಿ 25 ಎಲ್‌ಇಡಿ ದೀಪಗಳು, ಅಲುಗಾಟ ಗುರುತಿಸುವ ಸೆನ್ಸರ್ ಇವೆ. ಮೇಕ್‌ಕೋಡ್‌ನಲ್ಲಿ (ಆದೇಶಗಳ ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ವೆಬ್‌ಸೈಟ್) ‘ಅಲುಗಿದಾಗಲೆಲ್ಲ ಒಂದು ಕೂಡಿಸು’ ಅನ್ನುವಂತೆ ಬ್ಲಾಕ್ ಜೋಡಿಸಿ, ಬೋರ್ಡನ್ನು ಕಾಲಿಗೆ ಕಟ್ಟಿಕೊಂಡು ನಡೆದರೆ ಸಂಖ್ಯೆ ಏರುತ್ತಾ ಹೋಗುತ್ತದೆ. ಎಣಿಸುವುದು ಒಂದೇ ಕಾಲಿನ ಹೆಜ್ಜೆ, ಹಾಗಾಗಿ ಎರಡರಿಂದ ಗುಣಿಸಬೇಕು. ಇದನ್ನು ಮಕ್ಕಳೇ ಕಂಡುಕೊಳ್ಳಲಿ, ಮನೆಯಲ್ಲಿ ಮೊದಲೇ ಹೇಳಿಬಿಡಬೇಡಿ! ಕೂತಲ್ಲೇ ಕೈಯಲ್ಲಿ ಅಲ್ಲಾಡಿಸಿ ಸಾವಿರ ದಾಟಿಸುವ ಜಾಣರು ಇದ್ದೇ ಇರುತ್ತಾರೆ ಅಲ್ವಾ, ಅದಕ್ಕೇ ಕೊನೆಯ ಅರ್ಧ ಗಂಟೆ ಮೈದಾನದಲ್ಲಿ ಓಟ.

ಬೋರ್ಡ್ ನಾವೇ ಕೊಡುತ್ತೇವೆ. ನೀವು ಕಳಿಸಬೇಕಾದ್ದು:
- ಲ್ಯಾಪ್‌ಟಾಪ್, ಇಬ್ಬರಿಗೆ ಒಂದು ಸಾಕು. ಕ್ರೋಮ್ ಬ್ರೌಸರ್ ಇರಲಿ.
- ಮೈಕ್ರೋ ಯುಎಸ್‌ಬಿ ಕೇಬಲ್. ಬರೀ ಚಾರ್ಜ್ ಆಗುವ ಕೇಬಲ್‌ನಲ್ಲಿ ಪ್ರೋಗ್ರಾಂ ಹೋಗುವುದಿಲ್ಲ. ಹಳೇ ಫೋನ್‌ಗೆ ಹಾಕಿ, ಫೋಟೋ ಕಾಪಿ ಆಗುತ್ತಾ ನೋಡಿ.
- ಎರಡು ಟ್ರಿಪಲ್ ಎ ಸೆಲ್ (ರಿಮೋಟ್‌ಗೆ ಹಾಕುವ ಸಣ್ಣವು).
- ಉದ್ದನೆಯ ಕಾಲುಚೀಲ, ಶೂ. ಬೋರ್ಡನ್ನು ಕಾಲುಚೀಲದೊಳಗೆ ಸಿಕ್ಕಿಸುತ್ತೇವೆ. ಚಪ್ಪಲಿ ಬೇಡ.

ಲ್ಯಾಪ್‌ಟಾಪ್ ತರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ‘ಲ್ಯಾಪ್‌ಟಾಪ್ ಇದೆ’ ಅಂತ ಹಾಕಿ. ಮೈದಾನದಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು ಪೋಷಕರು ಬೇಕು, ಬಿಡುವಿದ್ದವರು ದಯವಿಟ್ಟು ತಿಳಿಸಿ.