ಮಗಳಿಗೊಂದು ಪತ್ರ: ಆ ಒಂದು ಪಾಯಿಂಟಿನ ಬಗ್ಗೆ

ಮಗಳೇ,

"ಒಂದು ಪಾಯಿಂಟ್ ಅಪ್ಪ, ಬರೀ ಒಂದು ಪಾಯಿಂಟ್." ಭಾನುವಾರ ರೇಸ್ ಮುಗಿಸಿ ವಾಪಸ್ ಬರುವಾಗ ದಾರಿಯುದ್ದಕ್ಕೂ ನೀನು ಆಡಿದ ಮಾತು ಇದೊಂದೇ. ಹೆಲ್ಮೆಟ್ ತೊಡೆ ಮೇಲೆ ಇಟ್ಟುಕೊಂಡು ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ. ನನಗೆ ಏನು ಹೇಳಬೇಕೋ ತೋಚಲಿಲ್ಲ. "ಪರವಾಗಿಲ್ಲ ಬಿಡು, ಮುಂದಿನ ವರ್ಷ ನೋಡೋಣ" ಅಂದುಬಿಟ್ಟೆ. ಅದು ತಪ್ಪು ಮಾತು. ಇಡೀ ಸೀಸನ್ ಕಾರ್ಟ್, ಅಂದರೆ ಆ ಪುಟಾಣಿ ರೇಸ್ ಕಾರು ಓಡಿಸಿ, ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡು, ಕೊನೆಗೆ ಒಂದು ಪಾಯಿಂಟಿಗೆ ಕಪ್ ಕೈತಪ್ಪಿದರೆ ಅದು ಪರವಾಗಿಲ್ಲ ಅನ್ನುವ ವಿಷಯವೇ ಅಲ್ಲ.

ಅವತ್ತು ಬಾಯಿಗೆ ಬರದ್ದನ್ನು ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದು.

ನನ್ನ ಹಳೆಯ ಕಪ್ಪು-ಬಿಳುಪು ಫೋಟೋಗಳಲ್ಲಿ ಬಿಳಿ ಹೆಲ್ಮೆಟ್ ಹಾಕಿಕೊಂಡು, ಸೀಟಿನಲ್ಲಿ ಹಿಂದಕ್ಕೆ ಒರಗಿ, ಕೈ ನೀಳವಾಗಿ ಚಾಚಿ ಸ್ಟೀರಿಂಗ್ ಹಿಡಿದಿರುವ ಒಬ್ಬ ಇದ್ದಾನಲ್ಲ, ಅವನೇ ಸ್ಟರ್ಲಿಂಗ್ ಮಾಸ್. ಫಾರ್ಮುಲಾ ಒನ್‌ನಲ್ಲಿ 66 ರೇಸ್ ಓಡಿಸಿ 16 ಗೆದ್ದವನು. 1955ರಿಂದ 1958ರವರೆಗೆ ನಾಲ್ಕು ವರ್ಷ ಸಾಲಾಗಿ ಚಾಂಪಿಯನ್‌ಶಿಪ್‌ನಲ್ಲಿ ಎರಡನೆಯವನು, ಆಮೇಲೆ ಮೂರು ವರ್ಷ ಮೂರನೆಯವನು. ಒಮ್ಮೆಯೂ ಮೊದಲನೆಯವನಾಗಲಿಲ್ಲ. ವಿಶ್ವ ಚಾಂಪಿಯನ್ ಆಗದವರಲ್ಲಿ ಇವನಷ್ಟು ರೇಸ್ ಗೆದ್ದವನು ಇವತ್ತಿಗೂ ಇನ್ನೊಬ್ಬನಿಲ್ಲ.

1958ರ ಲೆಕ್ಕ ಕೇಳು. ಮಾಸ್ ನಾಲ್ಕು ರೇಸ್ ಗೆದ್ದ. ಅವನ ಎದುರಾಳಿ ಮೈಕ್ ಹಾಥಾರ್ನ್ ಗೆದ್ದದ್ದು ಒಂದೇ. ಆದರೂ ಚಾಂಪಿಯನ್ ಆದದ್ದು ಹಾಥಾರ್ನ್, 42 ಪಾಯಿಂಟಿಗೆ 41. ನಿನ್ನದೇ ಅಂತರ, ಅಲ್ವಾ?

ಆ ಒಂದು ಪಾಯಿಂಟ್ ಎಲ್ಲಿ ಹೋಯ್ತು ಅಂತ ಹುಡುಕಿದರೆ ಪೋರ್ಚುಗಲ್‌ನ ಪೋರ್ಟೊಗೆ ಹೋಗಿ ನಿಲ್ಲುತ್ತೇವೆ. ಅಲ್ಲಿ ಮಾಸ್ ಗೆದ್ದ, ಹಾಥಾರ್ನ್ ಎರಡನೆಯವನಾಗಿ ಬಂದ. ಆ ಕಾಲದಲ್ಲಿ ರೇಸಿನ ಅತಿ ವೇಗದ ಲ್ಯಾಪ್‌ಗೂ ಒಂದು ಪಾಯಿಂಟ್ ಇತ್ತು. ಹಾಥಾರ್ನ್ ಅದನ್ನು ಮಾಡಿದಾಗ ಮಾಸ್‌ನ ತಂಡ ಬೋರ್ಡ್ ತೋರಿಸಿ ಎಚ್ಚರಿಸಿತು, 'ಹಾಥ್ ರೆಕ್', ಅಂದರೆ ಹಾಥಾರ್ನ್ ರೆಕಾರ್ಡ್. ಮಾಸ್ ಅದನ್ನು 'ರೆಗ್', ಅಂದರೆ ರೆಗ್ಯುಲರ್ ಅಂತ ಓದಿಕೊಂಡ, ಹಾಥಾರ್ನ್ ಮಾಮೂಲಿ ವೇಗದಲ್ಲೇ ಇದ್ದಾನೆ ಅಂದುಕೊಂಡ. ತಾನು ಇನ್ನೂ ವೇಗವಾಗಿ ಒಂದು ಲ್ಯಾಪ್ ಹಾಕಬಹುದಿತ್ತು, ಹಾಕಲಿಲ್ಲ. ಒಂದು ಅಕ್ಷರ ನೋಡು.

ಆದರೆ ನಾನು ಹೇಳಬೇಕು ಅಂತಿದ್ದದ್ದು ಅದಲ್ಲ. ಕೊನೆಯ ಲ್ಯಾಪ್‌ನಲ್ಲಿ ಹಾಥಾರ್ನ್ ಕಾರು ತಿರುಗಿ ನಿಂತಿತು, ಎಂಜಿನ್ ಆಫ್ ಆಯಿತು. ಅವನು ಕಾರನ್ನು ಇಳಿಜಾರಿನ ಕಡೆಗೆ, ಅಂದರೆ ರೇಸಿನ ಎದುರು ದಿಕ್ಕಿಗೆ ಉರುಳಿಸಿ ಸ್ಟಾರ್ಟ್ ಮಾಡಿದ. ರೇಸ್ ಮುಗಿದ ಮೇಲೆ ಅವನನ್ನು ಅನರ್ಹ ಮಾಡುವ ಮಾತು ಬಂತು. ಆಗ ಅವನ ಪರವಾಗಿ ಸಾಕ್ಷಿ ಹೇಳಲು ಹೋದವನು ಮಾಸ್. ಹಾಥಾರ್ನ್ ಕಾರು ಉರುಳಿಸಿದ್ದು ಟ್ರ್ಯಾಕಿನ ಮೇಲಲ್ಲ, ಪಕ್ಕದಲ್ಲಿ, ನಾನೇ ನೋಡಿದ್ದೇನೆ ಅಂದ. ಹಾಥಾರ್ನ್‌ನ ಪಾಯಿಂಟ್ ಉಳಿಯಿತು. ಸುಮ್ನೆ ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು, ಆ ವರ್ಷ ಮಾಸ್ ಚಾಂಪಿಯನ್ ಆಗುತ್ತಿದ್ದ. ಮೊರಾಕೊದ ಕೊನೆಯ ರೇಸಿನಲ್ಲಿ ಅವನು ತನ್ನ ಕೈಲಾದದ್ದನ್ನೆಲ್ಲ ಮಾಡಿದ, ಗೆದ್ದ, ಅತಿ ವೇಗದ ಲ್ಯಾಪನ್ನೂ ಹಾಕಿದ. ಹಾಥಾರ್ನ್ ಎರಡನೆಯವನಾಗಿ ಬಂದು ಕಪ್ ಎತ್ತಿಕೊಂಡ.

ಮಾಸ್‌ಗೆ ಕಪ್ ಬೇಡವಾಗಿತ್ತು ಅಂತ ತಿಳಿಯಬೇಡ. ತುಂಬಾ ಬೇಕಾಗಿತ್ತು. ಆದರೆ ನೋಡಿದ್ದನ್ನು ನೋಡಿಲ್ಲ ಅನ್ನಲು ಅವನಿಗೆ ಆಗಲಿಲ್ಲ.

ಪಾಯಿಂಟ್ ಪಟ್ಟಿಯಲ್ಲಿ ಕಾಣದ್ದು ಅವನದು ಇನ್ನೂ ಇದೆ. 1955ರ ಮಿಲ್ಲೆ ಮಿಲ್ಯಾ, ಇಟಲಿಯ ಬ್ರೆಷಾದಿಂದ ರೋಮ್‌ಗೆ ಹೋಗಿ ವಾಪಸ್, ಸುಮಾರು 1600 ಕಿಲೋಮೀಟರ್, ಎಲ್ಲಾ ಜನ ಓಡಾಡುವ ಮಾಮೂಲಿ ರಸ್ತೆ. ಪಕ್ಕದಲ್ಲಿ ಡೆನಿಸ್ ಜೆಂಕಿನ್ಸನ್ ಅನ್ನುವ ಪತ್ರಕರ್ತ, ಅವನ ಕೈಯಲ್ಲಿ ದಾರಿಯ ತಿರುವುಗಳನ್ನೆಲ್ಲ ಬರೆದ ಉದ್ದನೆಯ ಕಾಗದದ ಸುರುಳಿ. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸದು, ಹಾಗಾಗಿ ಎಲ್ಲ ಕೈಸನ್ನೆಯಲ್ಲೇ. ಜೆಂಕಿನ್ಸನ್ ಸನ್ನೆ ಮಾಡಿದರೆ ಮಾಸ್ ಮುಂದೇನಿದೆ ಅಂತ ಕಾಣದ ದಿಣ್ಣೆಯನ್ನೂ ಪೂರ್ತಿ ವೇಗದಲ್ಲೇ ಹತ್ತಿ ಇಳಿಯುತ್ತಿದ್ದ. 10 ಗಂಟೆ 7 ನಿಮಿಷ 48 ಸೆಕೆಂಡ್, ಸರಾಸರಿ ಗಂಟೆಗೆ 157 ಕಿಲೋಮೀಟರ್. ಆ ರೇಸಿನಲ್ಲಿ ಆ ಸಮಯವನ್ನು ಮುಂದೆ ಯಾರೂ ಮೀರಲಿಲ್ಲ. 1961ರ ಮೊನಾಕೊದಲ್ಲಿ ಅವನದು ಹಿಂದಿನ ವರ್ಷದ ಲೋಟಸ್, ಬೆನ್ನ ಹಿಂದೆ ಅದಕ್ಕಿಂತ ಜಾಸ್ತಿ ಶಕ್ತಿಯ ಫೆರಾರಿಗಳು. 100 ಲ್ಯಾಪಿನ ಆ ರೇಸಿನಲ್ಲಿ ಅವರನ್ನು ತಡೆದು 3.6 ಸೆಕೆಂಡಿನ ಅಂತರದಲ್ಲಿ ಗೆದ್ದ. ನನ್ನನ್ನು ಕೇಳಿದರೆ ಅದಕ್ಕಿಂತ ಚೆನ್ನಾಗಿ ಯಾರೂ ಕಾರು ಓಡಿಸಿಲ್ಲ.

ಒಂದು ಪಾಯಿಂಟಿಗೆ ಸೋತವರು ಬೇರೆಯವರೂ ಇದ್ದಾರೆ. 1981ರಲ್ಲಿ ಅರ್ಜೆಂಟೀನಾದ ಕಾರ್ಲೋಸ್ ರಾಯ್ಟಮನ್ ಕೊನೆಯ ರೇಸಿಗೆ ಬರುವಾಗ ಒಂದು ಪಾಯಿಂಟ್ ಮುಂದಿದ್ದ, ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಜಾಗ ಕೂಡ ಅವನದೇ. ಎಂಟನೆಯವನಾಗಿ ಮುಗಿಸಿ ಒಂದು ಪಾಯಿಂಟಿಗೆ ನೆಲ್ಸನ್ ಪಿಕೆಗೆ ಸೋತ. 2008ರ ಬ್ರೆಜಿಲ್ ಅಂತೂ ನೆನಪಾದರೆ ಈಗಲೂ ಹೊಟ್ಟೆ ಹಿಂಡುತ್ತೆ. ಫೆಲಿಪೆ ಮಾಸಾ ತನ್ನ ಊರಿನ ಜನರ ಮುಂದೆ ರೇಸ್ ಗೆದ್ದ, ಗ್ಯಾರೇಜಿನಲ್ಲಿ ಅವನ ಅಪ್ಪ, ಮನೆಯವರು ಎಲ್ಲರೂ ಕುಣಿದರು. ಆ ಹೊತ್ತಿಗೆ ಹಿಂದೆ ಎಲ್ಲೋ ಕೊನೆಯ ತಿರುವಿನಲ್ಲಿ ಲೂಯಿಸ್ ಹ್ಯಾಮಿಲ್ಟನ್, ಟಿಮೊ ಗ್ಲಾಕ್‌ನನ್ನು ದಾಟಿ ಐದನೆಯವನಾದ. 98ಕ್ಕೆ 97. ಮಾಸಾ ಪೋಡಿಯಂ ಮೇಲೆ ನಿಂತು ಅಳುತ್ತಾ ಎದೆ ತಟ್ಟಿಕೊಂಡ. ಜನ ಅವನನ್ನು ನೋಡುತ್ತಾರೆ. ನನ್ನ ಕಣ್ಣು ಮಾತ್ರ ಪ್ರತಿ ಸಲ ಅವನ ಅಪ್ಪನ ಮೇಲೆ ಹೋಗುತ್ತೆ.

ಇನ್ನು ಕಪ್ಪನ್ನು ತಾವಾಗಿಯೇ ಬಿಟ್ಟುಕೊಟ್ಟವರು. 1956, ಇಟಲಿಯ ಮೊಂಜಾ. ಪೀಟರ್ ಕಾಲಿನ್ಸ್‌ಗೆ 24 ವರ್ಷ, ಚಾಂಪಿಯನ್ ಆಗುವ ಅವಕಾಶ ಇನ್ನೂ ಇತ್ತು. ಅವನ ತಂಡದ ಹಿರಿಯ ಹ್ವಾನ್ ಮ್ಯಾನುಯೆಲ್ ಫಾಂಜಿಯೊನ ಕಾರು ಕೆಟ್ಟಿತು. ಆಗ ಒಬ್ಬರ ಕಾರನ್ನು ಇನ್ನೊಬ್ಬರು ತೆಗೆದುಕೊಳ್ಳಬಹುದಿತ್ತು. ಕಾಲಿನ್ಸ್ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದ ರಿಪೇರಿ ಜಾಗಕ್ಕೆ ಬಂದವನು ಫಾಂಜಿಯೊ ನಿಂತಿರುವುದನ್ನು ನೋಡಿ, ಇಳಿದು ತನ್ನ ಕಾರು ಕೊಟ್ಟುಬಿಟ್ಟ. ಫಾಂಜಿಯೊ ನಾಲ್ಕನೇ ಸಲ ಚಾಂಪಿಯನ್ ಆದ. ನನಗಿನ್ನೂ ವಯಸ್ಸಿದೆ ಅನ್ನುವುದು ಕಾಲಿನ್ಸ್‌ನ ಲೆಕ್ಕ. ಎರಡು ವರ್ಷಕ್ಕೆ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಸತ್ತ.

1979ರಲ್ಲಿ ಅದೇ ಮೊಂಜಾದಲ್ಲಿ ಝೀಲ್ ವಿಲ್ನವ್, ಗೆದ್ದರೆ ಚಾಂಪಿಯನ್‌ಶಿಪ್ ಇನ್ನೂ ತೆರೆದಿರುತ್ತಿತ್ತು, ಆದರೆ ತಂಡಕ್ಕೆ ಕೊಟ್ಟ ಮಾತಿಗಾಗಿ ತನ್ನದೇ ತಂಡದ ಜೋಡಿ ಶೆಕ್ಟರ್ ಅನ್ನುವವನ ಹಿಂದೆ ಅರ್ಧ ಸೆಕೆಂಡಿನಷ್ಟು ಅಂತರದಲ್ಲಿ ಬಂದ. ನಂಬಿಕೆ ಅಂದರೆ ಅವನಿಗೆ ಅಷ್ಟು. ಅದಕ್ಕೇ 1982ರಲ್ಲಿ ಇಮೋಲಾದಲ್ಲಿ ಜೊತೆಗಾರ ಡಿಡಿಯೆ ಪಿರೋನಿ ಕೊನೆಯ ಲ್ಯಾಪ್‌ನಲ್ಲಿ ದಾಟಿ ಹೋದಾಗ ಅವನಿಗೆ ತಡೆದುಕೊಳ್ಳಲು ಆಗಲಿಲ್ಲ. 13 ದಿನದ ನಂತರ ಬೆಲ್ಜಿಯಂನ ಝೋಲ್ಡರ್‌ನಲ್ಲಿ, ರೇಸಿಗೆ ಮುಂಚಿನ ಕ್ವಾಲಿಫೈಯಿಂಗ್ ಓಟದಲ್ಲಿ ಸತ್ತ. 1997ರಲ್ಲಿ ಅವನ ಮಗ ಜಾಕ್ ವಿಶ್ವ ಚಾಂಪಿಯನ್ ಆದ.

ಮಿಶೆಲ್ ಮೂಟನ್ ಬಗ್ಗೆ ನಿನಗೆ ಮೊದಲೇ ಹೇಳಬೇಕಿತ್ತು. ರ‍್ಯಾಲಿ ಡ್ರೈವರ್, ಫ್ರಾನ್ಸಿನವಳು. ಮೊದಲು ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುತ್ತಿದ್ದಳು. ಅವಳ ಅಪ್ಪ, ಇದರಲ್ಲೇ ಇರಬೇಕು ಅಂತಿದ್ದರೆ ಪಕ್ಕದಲ್ಲಿ ಕೂರಬೇಡ, ನೀನೇ ಓಡಿಸು, ಒಂದು ಆಲ್ಪೀನ್ ಕಾರು ಕೊಡಿಸಿ ಒಂದು ವರ್ಷದ ಖರ್ಚು ಹಾಕುತ್ತೇನೆ, ಏನು ಮಾಡುತ್ತೀಯೋ ತೋರಿಸು ಅಂದರು. 1982ರಲ್ಲಿ ಅವಳು ಆಡಿ ಕ್ವಾಟ್ರೊದಲ್ಲಿ ಪೋರ್ಚುಗಲ್, ಅಕ್ರೊಪೊಲಿಸ್, ಬ್ರೆಜಿಲ್ ಮೂರೂ ರ‍್ಯಾಲಿ ಗೆದ್ದಳು. ಐವರಿ ಕೋಸ್ಟ್ ರ‍್ಯಾಲಿ ಶುರುವಾಗುವ ಮುಂಚೆಯೇ ಅಪ್ಪ ತೀರಿಕೊಂಡರು. ನೀನು ಓಡಿಸಲೇಬೇಕು ಅನ್ನುವುದು ಅವರ ಕೊನೆಯ ಆಸೆಯಾಗಿತ್ತು. ಓಡಿಸಿದಳು. ಮುಂದೆಯೂ ಇದ್ದಳು, ಆಮೇಲೆ ಗೇರ್‌ಬಾಕ್ಸ್ ತೊಂದರೆ, ಕೊನೆಗೆ ಅಪಘಾತ, ರ‍್ಯಾಲಿ ಬಿಡಬೇಕಾಯಿತು. ಚಾಂಪಿಯನ್‌ಶಿಪ್ ವಾಲ್ಟರ್ ರೋರ್ಲ್‌ಗೆ ಹೋಯಿತು, ಅವಳು ಎರಡನೆಯವಳು. ಈ ಕಥೆ ಓದುವಾಗೆಲ್ಲ ನನಗೆ ಗಂಟಲು ಕಟ್ಟುತ್ತೆ. ಯಾಕೆ ಅಂತ ನಿನಗೆ ಹೇಳಬೇಕಾಗಿಲ್ಲ.

ಕೊನೆಯವನು ಟೋನಿ ಬ್ರೂಕ್ಸ್. ಇವನಿಗಾಗಿಯೇ ಈ ಪತ್ರ.

ಹಲ್ಲಿನ ಡಾಕ್ಟರ್ ಓದಿದವನು, ಮೆಲು ಮಾತಿನವನು. ಆರು ರೇಸ್ ಗೆದ್ದಿದ್ದಾನೆ. 1956ರಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಆಕ್ಸಿಲರೇಟರ್ ತೊಂದರೆ ಕೊಡುತ್ತಿದ್ದ ಕಾರನ್ನೇ ಓಡಿಸಿ, ಅದು ಮಗುಚಿ ಹೊತ್ತಿ ಉರಿಯಿತು, ಇವನು ಹೊರಗೆ ಎಸೆಯಲ್ಪಟ್ಟು ಬದುಕಿದ. ಮರುವರ್ಷ ಲೆ ಮಾನ್‌ನಲ್ಲಿ ಇನ್ನೊಂದು ಕಾರು ಮಗುಚಿ ಅದರಡಿ ಸಿಕ್ಕಿಕೊಂಡ. ಆಗ ತನಗೆ ತಾನೇ ಒಂದು ಮಾತು ಕೊಟ್ಟುಕೊಂಡ, ಕಾರಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ಇನ್ನು ಮುಂದೆ ಓಡಿಸುವುದಿಲ್ಲ ಅಂತ.

1959ರ ಡಿಸೆಂಬರ್, ಅಮೆರಿಕದ ಸೆಬ್ರಿಂಗ್, ಸೀಸನ್‌ನ ಕೊನೆಯ ರೇಸ್. ಜಾಕ್ ಬ್ರಾಬಮ್, ಮಾಸ್, ಬ್ರೂಕ್ಸ್ ಮೂವರಲ್ಲಿ ಯಾರು ಬೇಕಾದರೂ ಚಾಂಪಿಯನ್ ಆಗಬಹುದು. ಮೊದಲ ಲ್ಯಾಪ್‌ನಲ್ಲೇ ಇವನದೇ ತಂಡದ ಫಾನ್ ಟ್ರಿಪ್ಸ್ ಹಿಂದಿನಿಂದ ಗುದ್ದಿದ. ಕಾರು ಓಡುತ್ತಲೇ ಇತ್ತು. ಜೀವನದ ಅತಿ ದೊಡ್ಡ ರೇಸ್ ಅದು, ಇನ್ನೂ ಶುರುವಾಗಿದೆ ಅಷ್ಟೇ. ಬ್ರೂಕ್ಸ್ ಪಿಟ್‌ಗೆ ಬಂದ. ಮೆಕ್ಯಾನಿಕ್‌ಗಳು ಕಾರು ಸುತ್ತಿ ನೋಡಿದರು. ಏನೂ ಆಗಿರಲಿಲ್ಲ. ಮತ್ತೆ ಹೊರಟು ಮೂರನೆಯವನಾಗಿ ಬಂದ. ಬ್ರಾಬಮ್‌ಗೆ ಕೊನೆಯ ಲ್ಯಾಪ್‌ನಲ್ಲಿ ಪೆಟ್ರೋಲ್ ಖಾಲಿಯಾಗಿ, ಕಾರು ತಳ್ಳಿಕೊಂಡು ಬಂದು ನಾಲ್ಕನೆಯವನಾದ. ಆದರೂ ಚಾಂಪಿಯನ್ ಅವನೇ. ಪಿಟ್‌ನಲ್ಲಿ ಹೋದ ಆ ಹೊತ್ತು ಬ್ರೂಕ್ಸ್‌ಗೆ ಎಷ್ಟು ದುಬಾರಿಯಾಯಿತು ಅಂತ ನೀನೇ ಯೋಚನೆ ಮಾಡು.

ಅವನ ಸುತ್ತ ಇದ್ದವರನ್ನು ನೋಡು. ಕಾಲಿನ್ಸ್ 26ಕ್ಕೆ ಹೋದ. ಹಾಥಾರ್ನ್ ಕಪ್ ಗೆದ್ದ ಮೂರೇ ತಿಂಗಳಿಗೆ ರಸ್ತೆ ಅಪಘಾತದಲ್ಲಿ, 29ಕ್ಕೆ. ಸೆಬ್ರಿಂಗ್‌ನಲ್ಲಿ ಗುದ್ದಿದ ಫಾನ್ ಟ್ರಿಪ್ಸ್ 1961ರಲ್ಲಿ ಮೊಂಜಾದಲ್ಲಿ ಸತ್ತಾಗ ಪಾಯಿಂಟಿನಲ್ಲಿ ಎಲ್ಲರಿಗಿಂತ ಮುಂದಿದ್ದ, ಆ ವರ್ಷದ ಚಾಂಪಿಯನ್‌ಶಿಪ್ ಅವನಿಂದ ತಪ್ಪಿದ್ದೂ ಒಂದೇ ಪಾಯಿಂಟಿಗೆ. ಬ್ರೂಕ್ಸ್ 1961ರ ಕೊನೆಗೆ ರೇಸ್ ಬಿಟ್ಟ, ಗ್ಯಾರೇಜ್ ನಡೆಸಿದ, ಮಕ್ಕಳನ್ನು ಬೆಳೆಸಿದ. 2022ರಲ್ಲಿ ತೀರಿಕೊಂಡಾಗ ಅವನಿಗೆ 90 ವರ್ಷ.

ಈಗ ನನ್ನ ವಿಷಯ. ಸೋಮವಾರ ನಿನ್ನ ಕಾರ್ಟ್ ಬಿಚ್ಚಿದೆ. ಎಡಗಡೆ ಟೈ ರಾಡ್, ಅಂದರೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕಂಬಿ ಬಾಗಿದೆ, ಅದರ ತುದಿಯ ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಬಿರುಕು. ಕೇಳಿದಾಗ ನೀನು, "ಹೂಂ ಅಪ್ಪ, ಮೂರನೇ ಲ್ಯಾಪ್‌ನಲ್ಲಿ ಕರ್ಬ್ ಹತ್ತಿದಾಗಿನಿಂದ ಸ್ಟೀರಿಂಗ್ ಎಡಕ್ಕೆ ಎಳೀತಿತ್ತು, ಪಿಟ್‌ಗೆ ಬಂದರೆ ಪಾಯಿಂಟ್ ಹೋಗ್ತಿತ್ತಲ್ಲ" ಅಂದೆ. ನಾನು ಎದ್ದು ಒಳಗೆ ಹೋದೆ. ನಿನ್ನ ಮೇಲೆ ಸಿಟ್ಟಿನಿಂದಲ್ಲ. ನನ್ನ ಕೈ ನಡುಗುತ್ತಿತ್ತು, ನಿನಗೆ ಕಾಣಬಾರದು ಅಂತ. ಉಳಿದ ಅಷ್ಟೂ ಲ್ಯಾಪ್ ನಾನು ತಂತಿ ಬೇಲಿ ಹಿಡಿದು ನಿಂತು, ಒಳಗೆ ಬರಬೇಕಿದ್ದ ಮಗಳಿಗೆ "ಹೋಗು, ಹೋಗು" ಅಂತ ಕೂಗಿದ್ದೇನೆ.

ನೀನು ರೇಸ್ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಮುಂದಿನ ಸೀಸನ್ ಕಪ್ ನಿನಗೇ ಬರಲಿ, ನನಗೂ ಬೇಕು ಅದು. ಆದರೆ ಸ್ಟೀರಿಂಗ್ ಎಳೆದರೆ ಒಳಗೆ ಬಾ. ಏನೂ ಆಗಿಲ್ಲ ಅಂತ ಗೊತ್ತಾದರೂ ಸರಿ, ಸುಮ್ನೆ ಬಂದೆ ಅನ್ನಿಸಿದರೂ ಸರಿ. ಪಿಟ್‌ನಲ್ಲಿ ನಿಂತಿರುವವನು ನಾನೇ, ಯಾಕೆ ಬಂದೆ ಅಂತ ಒಂದು ಮಾತೂ ಕೇಳುವುದಿಲ್ಲ.

ಹೊಸ ಟೈ ರಾಡ್ ತಂದಿಟ್ಟಿದ್ದೇನೆ. ಹಳೆಯದನ್ನು ಬಿಸಾಡಿಲ್ಲ, ಮೇಜಿನ ಮೇಲಿದೆ, ಬೆಳಕಿಗೆ ಹಿಡಿದು ಆ ಬಿರುಕನ್ನು ಒಮ್ಮೆ ನೋಡು. ಶನಿವಾರ ಇಬ್ಬರೂ ಕೂತು ಹೊಸದನ್ನು ಹಾಕೋಣ, ಅಲೈನ್‌ಮೆಂಟ್ ನೀನೇ ಮಾಡು.

ನಿನ್ನ
ಅಪ್ಪ